‘ಬಹಳ ಚೆನ್ನಾಗಿತ್ತು’ ಅಂತ ಟಿಕ್ ಹಾಕಿಬಿಟ್ಟೆ!

ಪ್ರಶ್ನೆ: ಡಾಕ್ಟರ್ ಅಕ್ಕಾ, ಎರಡನೇ ಹೆರಿಗೆಯಾದ ಮರುದಿನ ಸಿಸ್ಟರ್ ಪ್ರೀತಿಯಿಂದಲೇ ಮಾತಾಡಿಸಿ, ‘ವಂಕಿ ಹಾಕಿಸ್ಕೋ, ಹತ್ತು ವರ್ಷ ಚಿಂತೆ ಇಲ್ಲ’ ಎಂದರು (ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ). ಬೇರೆ ಏನಿದೆ ಅಂತ ಕೇಳುವಷ್ಟರಲ್ಲಿ ನಮ್ಮತ್ತೆ ಹೂಂ ಅಂದಾಗಿತ್ತು. ಮನೆಗೆ ಹೊರಡುವಾಗ ಅದೇ ಸಿಸ್ಟರ್ ಹಾಳೆ ಕೊಟ್ಟು ‘ಸಲಹೆ ಹೇಗಿತ್ತು, ಟಿಕ್ ಹಾಕು’ ಎಂದರು. ‘ಬಹಳ ಚೆನ್ನಾಗಿತ್ತು’ ಅಂತ ಹಾಕಿದೆ. ಈಗ ಯಾಕೋ ಕಸಿವಿಸಿ. ಸಲಹೆ ಚೆನ್ನಾಗಿತ್ತಾ ಅಂತ ಅಳೆಯೋದು ಹೀಗೇನಾ?
– ಹೆಸರು ಬೇಡ, ಜಮಖಂಡಿ

ಉತ್ತರ: ಹಾಳೆ ಕೊಟ್ಟವರೇ ಎದುರಿಗೆ ನಿಂತರೆ ಯಾರು ತಾನೆ ಚೆನ್ನಾಗಿರಲಿಲ್ಲ ಅಂತಾರೆ? ಬೀಗರ ಮನೆಯ ಸಾರು ಸಪ್ಪಗಿದ್ದರೂ ಭಾಳ ರುಚಿ ಅನ್ನುವವರು ನಾವು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರು ಇದಕ್ಕೆಂದೇ 4 ಪ್ರಶ್ನೆ ಮಾಡಿದ್ದಾರೆ. ನಿಮಗೆ ಮರ್ಯಾದೆ ಕೊಟ್ಟರಾ? ನಿಮಗೆ ಏನು ಮುಖ್ಯ ಅಂತ ಹೇಳಲು ಬಿಟ್ಟರಾ? ನಿಮ್ಮ ಇಷ್ಟಕ್ಕೆ ಬೆಲೆ ಕೊಟ್ಟರಾ? ನಿರ್ಧಾರಕ್ಕೆ ಬೇಕಾದಷ್ಟು ಮಾಹಿತಿ ಕೊಟ್ಟರಾ? ಒಂದೊಂದಕ್ಕೂ 5 ಅಂಕ. ನಾಲ್ಕಕ್ಕೂ ಐದಕ್ಕೈದು ಬಂದರಷ್ಟೇ ಲೆಕ್ಕ. ನಿಮ್ಮ ಸಿಸ್ಟರ್ ಮೊದಲನೆಯದರಲ್ಲಿ ಪಾಸು, ಉಳಿದವುಗಳಲ್ಲಿ ನನಗೆ ಅನುಮಾನ.

ಎರಡನೆಯ ಪ್ರಶ್ನೆಯೇ ನನ್ನ ಪ್ರಕಾರ ದೊಡ್ಡದು. ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ದುಡಿಯುವ ಒಬ್ಬಾಕೆ ನನ್ನ ಹತ್ತಿರ ಬಂದಿದ್ದಳು. ‘ಮುಟ್ಟು ಜಾಸ್ತಿಯಾದರೆ ಕೂಲಿ ಹೋಗ್ತದ್ರಿ’ ಎಂದಳು. ವಂಕಿ ಹಾಕಿದ ಮೊದಲ ತಿಂಗಳುಗಳಲ್ಲಿ ಆಗೋದೇ ಅದು. ಆಕೆ ಬಾಯಿ ಬಿಡದಿದ್ದರೆ ನನಗೆ ಹೇಗೆ ಗೊತ್ತಾಗಬೇಕು?

ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರೂ ಕೇಳುತ್ತಾರೆ: ಅಡ್ಡಪರಿಣಾಮ ಹೇಳಿದರಾ, ಅದು ಕಾಣಿಸಿಕೊಂಡರೆ ಏನು ಮಾಡಬೇಕು ಅಂತ ಹೇಳಿದರಾ, ಬೇರೆ ವಿಧಾನ ಹೇಳಿದರಾ. ಒಳ್ಳೆಯದೇ. ಆದರೆ ಆಸ್ಪತ್ರೆಯವರು ಹೇಳಿದ್ದು ಅಳತೆಗೆ ಸಿಗುತ್ತದೆ, ನಿಮ್ಮ ಮಾತು ಕೇಳಿಸಿಕೊಂಡರಾ ಅನ್ನೋದು ಸಿಗೋದಿಲ್ಲ. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ 100 ಹೆಂಗಸರಲ್ಲಿ ಸುಮಾರು 57 ಜನ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರು. ‘ಎರಡಾಯಿತಲ್ಲ, ಮುಗಿಸಿಬಿಡು’ ಅನ್ನೋದೇ ನಮ್ಮಲ್ಲಿ ಸಲಹೆ.

ಈಗ ನಿಮ್ಮ ವಿಷಯ. ವಂಕಿ ಹತ್ತು ವರ್ಷ ಇರಬಹುದು, ಇರಲೇಬೇಕು ಅಂತಿಲ್ಲ. ಬೇಡವಾದರೆ ಯಾವಾಗ ಬೇಕಾದರೂ ತೆಗೆಸಬಹುದು. ಗರ್ಭ ತಡೆಯಲು ಮೂರು ತಿಂಗಳಿಗೊಮ್ಮೆ ಅಂತರಾ ಇಂಜೆಕ್ಷನ್ ಇದೆ, ಛಾಯಾ ಮಾತ್ರೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಎರಡೂ ಪುಕ್ಕಟೆ, ಎದೆಹಾಲಿಗೂ ತೊಂದರೆಯಿಲ್ಲ; ಇಂಜೆಕ್ಷನ್ ಮಾತ್ರ ಹೆರಿಗೆಯಾಗಿ ಆರು ವಾರ ಕಳೆದ ಮೇಲೆ. ಜ್ವರ, ವಾಸನೆಯ ಬಿಳಿಸೆರಗು, ಜೋರು ಹೊಟ್ಟೆನೋವು ಬಂದರೆ ಸುಮ್ನೆ ಕೂರಬೇಡಿ, ಕೂಡಲೇ ತೋರಿಸಿ.

ಗಂಡಸರ ಆಪರೇಷನ್ ಹೆಂಗಸರದ್ದಕ್ಕಿಂತ ಹಗುರ, ಗೊತ್ತಲ್ವಾ? ಅತ್ತೆಯವರ ಮುಂದೆ ಒಮ್ಮೆ ಎತ್ತಿ ನೋಡಿ, ಅದಕ್ಕೂ ಅಷ್ಟೇ ಬೇಗ ಹೂಂ ಅಂತಾರಾ ಅಂತ.