ಓದುಗರ ಪ್ರಶ್ನೆ: ಬಿ.ಎಡ್. ಒಬ್ಬರದು, ಪ್ರಯಾಣ ಮೂವರದು

ಪ್ರಶ್ನೆ: ನಾನು ಎಂ.ಎ. ಇಂಗ್ಲಿಷ್, ಬಿ.ಎಡ್. ಮುಗಿಸಿ ಉಡುಪಿಯ ಶಾಲೆಯೊಂದರಲ್ಲಿ ಆರು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ನಮ್ಮವರು ಬಿ.ಕಾಂ., ಸಹಕಾರಿ ಸಂಘದಲ್ಲಿ ಕೆಲಸ. ಈಚೆಗೆ ಆನ್‌ಲೈನ್‌ನಲ್ಲಿ 120 ಗಂಟೆಯ ಟೆಫ್ಲ್ (ಇಂಗ್ಲಿಷ್ ಕಲಿಸುವವರ ತರಬೇತಿ) ಕೋರ್ಸ್ ಮಾಡಿದ್ದಾರೆ. ಮಗಳಿಗೆ ನಾಲ್ಕು ವರ್ಷ. ಇಬ್ಬರೂ ಇಂಗ್ಲಿಷ್ ಕಲಿಸುವ ಕೆಲಸ ಹಿಡಿದು ಮೂವರೂ ಒಟ್ಟಿಗೆ ವಿದೇಶಕ್ಕೆ ಹೋಗುವ ಯೋಚನೆ. ಯಾವ ದೇಶ ಆದೀತು?
— ಓದುಗರು, ಬ್ರಹ್ಮಾವರ

ಉತ್ತರ: ದೇಶದ ಮಾತು ಆಮೇಲೆ. ಮೊದಲು ಒಂದೇ ಸಂಬಳದಲ್ಲಿ ಮೂವರ ಖರ್ಚು ಹೊಂದುತ್ತದೆಯೇ ಎಂದು ಲೆಕ್ಕ ಹಾಕಿ. ದಂಪತಿಯಾಗಿ ಇಂಗ್ಲಿಷ್ ಕಲಿಸುತ್ತ ಲೋಕ ಸುತ್ತಿ ಎನ್ನುವ ಸಲಹೆಗಳು ಹೆಚ್ಚಾಗಿ ಅಮೆರಿಕ, ಬ್ರಿಟನ್‌ನಂಥ ದೇಶಗಳ ಪಾಸ್‌ಪೋರ್ಟ್ ಇರುವವರಿಗಾಗಿ ಬರೆದವು. ಅವರಿಗೆ ಯಾವುದೋ ಒಂದು ಡಿಗ್ರಿ, ಒಂದು ಟೆಫ್ಲ್ ಇದ್ದರೆ ಎಷ್ಟೋ ಕಡೆ ನಡೆಯುತ್ತದೆ. ನಮ್ಮ ಪಾಸ್‌ಪೋರ್ಟಿಗೆ ನಡೆಯುವುದು ಬಿ.ಎಡ್. ಮತ್ತು ಅನುಭವ. ಅವೆರಡೂ ನಿಮ್ಮಲ್ಲಿವೆ, ನಿಮ್ಮವರಲ್ಲಿಲ್ಲ. ಹಾಗಾಗಿ ವೀಸಾ ನಿಮ್ಮ ಹೆಸರಲ್ಲಿ ಆಗಲಿ, ಅವರು ಮತ್ತು ಮಗಳು ನಿಮ್ಮ ಅವಲಂಬಿತರಾಗಿ ಬರಲಿ.

ದಕ್ಷಿಣ ಕೊರಿಯಾದ ಇ-2 ವೀಸಾ ಇಂಗ್ಲಿಷ್ ಮಾತೃಭಾಷೆಯ ಏಳು ದೇಶದವರಿಗೆ. ಭಾರತ–ಕೊರಿಯಾ ನಡುವಿನ ಸೆಪಾ (ಸಮಗ್ರ ಆರ್ಥಿಕ ಸಹಭಾಗಿತ್ವ) ಒಪ್ಪಂದ 2010ರ ಜನವರಿ 1ರಂದು ಜಾರಿಗೆ ಬಂದ ಮೇಲೆ ಸರಕಾರಿ ಶಾಲೆಗಳ ಸಹಾಯಕ ಶಿಕ್ಷಕರಾಗಿ ನಮಗೂ ಬಾಗಿಲು ತೆರೆದಿದೆ. ಆದರೆ ಬೋಧನಾ ಅರ್ಹತೆ ಇರಲೇಬೇಕು. ಖಾಸಗಿ ಟ್ಯೂಷನ್ ಸಂಸ್ಥೆಗಳಿಗೆ ಇದು ಅನ್ವಯಿಸುವುದಿಲ್ಲ, ಅವಲಂಬಿತ ವೀಸಾದಲ್ಲಿ ಬಂದ ಸಂಗಾತಿ ಪ್ರತ್ಯೇಕ ಅನುಮತಿ ಇಲ್ಲದೆ ಕೆಲಸಕ್ಕೆ ಸೇರುವಂತೆಯೂ ಇಲ್ಲ.

ಜಪಾನಿನಲ್ಲಿ ಶಾಲೆಯ ಇಂಗ್ಲಿಷ್ ಶಿಕ್ಷಕರಿಗೆ ಕೊಡುವ ಇನ್‌ಸ್ಟ್ರಕ್ಟರ್ ವೀಸಾಕ್ಕೆ ಕನಿಷ್ಠ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿರಬೇಕು. ನಮ್ಮ ಜಿಲ್ಲೆಗಳವರು ಎಡವುವುದು ಇಲ್ಲಿ. ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಎಂಟರಿಂದ ಇಂಗ್ಲಿಷ್ ಎಂದಿದ್ದರೆ ಎಣಿಸಿ ನೋಡಿ: ಹೈಸ್ಕೂಲು 3, ಪಿಯುಸಿ 2, ಬಿ.ಎ. 3, ಎಂ.ಎ. 2, ಬಿ.ಎಡ್. 2, ಒಟ್ಟು 12. ಬಿ.ಎಡ್. ಎರಡು ವರ್ಷ ಆದದ್ದು 2015ರಿಂದ ಈಚೆಗೆ. ಅದಕ್ಕೂ ಮೊದಲು ಮುಗಿಸಿದವರಿಗೆ ಹನ್ನೊಂದಕ್ಕೇ ನಿಲ್ಲುತ್ತದೆ. ಓದಿದ ಪ್ರತಿ ಸಂಸ್ಥೆಯಿಂದ ಮಾಧ್ಯಮ ಪ್ರಮಾಣಪತ್ರ ಈಗಲೇ ಬರೆಸಿಟ್ಟುಕೊಳ್ಳಿ. ಹಳ್ಳಿ ಶಾಲೆ ಮುಚ್ಚಿದ್ದರೆ ದಾಖಲೆ ಎಲ್ಲಿದೆ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಬೇಕಾಗುತ್ತದೆ. ಜಪಾನಿನ ಒಂದು ಅನುಕೂಲವೆಂದರೆ ಅವಲಂಬಿತ ಸಂಗಾತಿ ಅನುಮತಿ ಪಡೆದು ವಾರಕ್ಕೆ 28 ಗಂಟೆವರೆಗೆ ದುಡಿಯಬಹುದು.

ಥಾಯ್ಲೆಂಡಿನಲ್ಲಿ ಭಾರತೀಯ ಶಿಕ್ಷಕರು ಇದ್ದಾರೆ. ಸಂಬಳ ಮಾತ್ರ ಬಿಳಿಯರಿಗಿಂತ ಕಡಿಮೆ, ಮಗುವನ್ನು ಇಂಟರ್‌ನ್ಯಾಷನಲ್ ಶಾಲೆಗೆ ಹಾಕಿದರೆ ಆ ಸಂಬಳ ಫೀಸಿಗೇ ಹೋಗುತ್ತದೆ. ಮಗು ಇರುವವರಿಗೆ ಅದು ನಮ್ಮ ಮೊದಲ ಆಯ್ಕೆ ಅಲ್ಲ.

ನಿಮಗೆ ಒಪ್ಪುವುದು ಕೊಲ್ಲಿ, ಅದರಲ್ಲೂ ಎಮಿರೇಟ್ಸ್‌ನ (ಯುಎಇ) ಭಾರತೀಯ ಪಠ್ಯಕ್ರಮದ ಶಾಲೆಗಳು. ತರಗತಿ ಏಪ್ರಿಲ್‌ನಲ್ಲಿ ಶುರು, ಮಂಗಳೂರಿನಿಂದ ನೇರ ವಿಮಾನ, ನಾಳೆ ಊರಿಗೆ ಮರಳಿದರೂ ಮಗಳ ಓದು ತಪ್ಪುವುದಿಲ್ಲ. ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ದಿರ್ಹಮ್ ಜೊತೆಗೆ ವಸತಿ ಬೇಕು. ಹೆಂಡತಿಯೂ ಗಂಡನನ್ನು ಕರೆಸಿಕೊಳ್ಳಬಹುದು. ಆದರೆ ಇದು ವೀಸಾಕ್ಕೆ ಬೇಕಾದ ಕನಿಷ್ಠ ಮೊತ್ತ. ಇಷ್ಟರಲ್ಲಿ ಮೂವರ ಸಂಸಾರ ನಡೆಯುವುದಿಲ್ಲ.

ಆಫರ್ ಬಂದಾಗ ಎರಡು ಸಾಲು ಗಮನವಿಟ್ಟು ಓದಿ. ಒಂದು, ವಸತಿ. ಶಾಲೆ ಕೊಡುವ ವಸತಿ ಒಂಟಿ ಶಿಕ್ಷಕಿಯರು ಹಂಚಿಕೊಳ್ಳುವ ಕೋಣೆ ಆಗಿರಬಹುದು, ಅಲ್ಲಿ ಗಂಡ, ಮಗುವಿಗೆ ಜಾಗ ಇಲ್ಲ. ಇನ್ನೊಂದು, ಮಗಳ ಫೀಸಿನ ರಿಯಾಯಿತಿ. ಶೇಕಡಾ ಎಷ್ಟು, ಮೊದಲ ವರ್ಷದಿಂದಲೇ ಸಿಗುತ್ತದೆಯೇ, ಬಸ್ಸು ಮತ್ತು ಪುಸ್ತಕ ಸೇರಿದೆಯೇ? ಬಾಯಿಮಾತು ಸಾಲದು, ಕರಾರಿನಲ್ಲಿ ಬರಬೇಕು.

ಬಾಡಿಗೆಯನ್ನು ಅಲ್ಲಿ ವರ್ಷದ ಲೆಕ್ಕದಲ್ಲಿ ಮುಂದಿನ ದಿನಾಂಕದ ಚೆಕ್‌ಗಳಾಗಿ ಕೊಡುವುದು ವಾಡಿಕೆ. ವರ್ಷಕ್ಕೆ 40,000 ದಿರ್ಹಮ್‌ನ ಮನೆ, ನಾಲ್ಕು ಚೆಕ್ ಎಂದುಕೊಳ್ಳಿ. ಮೊದಲ ಚೆಕ್ 10,000, ಠೇವಣಿ ಶೇ. 5ರಂತೆ 2,000, ದಲ್ಲಾಳಿಗೆ ಅಷ್ಟೇ, ದುಬೈ ಆದರೆ ನೀರು-ಕರೆಂಟಿನ ಠೇವಣಿ ಇನ್ನೊಂದು 2,000. ಬೀಗದ ಕೈ ಸಿಗುವ ಮೊದಲೇ 16,000 ದಿರ್ಹಮ್ ಬೇಕು. ಅದೂ ಅಲ್ಲದೆ ಎಮಿರೇಟ್ಸ್ ಐಡಿ, ಬ್ಯಾಂಕ್ ಖಾತೆ ಆಗದೆ ಚೆಕ್‌ಬುಕ್ ಇಲ್ಲ. ಆದ್ದರಿಂದ ಮೂವರೂ ಒಂದೇ ವಿಮಾನ ಹತ್ತಬೇಡಿ. ನೀವು ಮುಂದೆ ಹೋಗಿ. ಪ್ರೊಬೇಷನ್ ಆರು ತಿಂಗಳವರೆಗೆ ಇರಬಹುದು, ನಿಮ್ಮ ವೀಸಾ ರದ್ದಾದರೆ ಅವರಿಬ್ಬರದೂ ಹೋಗುತ್ತದೆ. ಅಷ್ಟು ದಿನ ನಿಮ್ಮವರು ರಾಜೀನಾಮೆ ಕೊಡದೆ ಇರಲಿ. ಮಗಳನ್ನು ಅಜ್ಜಿಮನೆಯಲ್ಲಿ ಬಿಡುವುದು ಕಷ್ಟವೇ, ಆದರೆ ಫೆಬ್ರವರಿಯಲ್ಲಿ ಕರೆದುಕೊಂಡು ಹೋಗಿ ಮೇ ತಿಂಗಳಲ್ಲಿ ವಾಪಸು ತರುವುದು ಅದಕ್ಕಿಂತ ಕಷ್ಟ.

ಇನ್ನು ನಿಮ್ಮವರ ಟೆಫ್ಲ್. ಅದು ಬಿ.ಎಡ್.ಗೆ ಬದಲಿ ಅಲ್ಲ. ಕೇಂಬ್ರಿಜ್‌ನ ಸೆಲ್ಟಾ ಎಂಬ ತರಬೇತಿ ಆಗಿದ್ದರೆ ನಿಜವಾದ ವಿದ್ಯಾರ್ಥಿಗಳೆದುರು, ತರಬೇತುದಾರರು ಕೂತು ನೋಡುವ 6 ಗಂಟೆ ಪಾಠ ಮಾಡಿರುತ್ತಾರೆ. ಬರೀ ಆನ್‌ಲೈನ್ ಕೋರ್ಸಿನಲ್ಲಿ ಅದಿಲ್ಲ. ಅಕೌಂಟ್ಸ್ ಅನುಭವ ಇದ್ದವರು ಅಲ್ಲಿ ಅಕೌಂಟ್ಸ್ ಕೆಲಸ ಹುಡುಕುವುದೇ ಮೇಲು.

ಪ್ರಶ್ನೆ: ದಾಖಲೆ ಎಲ್ಲಿಂದ ಶುರು ಮಾಡಬೇಕು? ಮದುವೆ ಕದ್ರಿ ದೇವಸ್ಥಾನದಲ್ಲಿ ಆಗಿದ್ದು, ನೋಂದಣಿ ಮಾಡಿಸಿಲ್ಲ. ನಾನು ಶೆಟ್ಟಿ, ಗಂಡ ರೈ.
— ಓದುಗರು, ಮಂಗಳೂರು

ಉತ್ತರ: ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಗೆ. ದೇವಸ್ಥಾನದ ಪತ್ರ ನೋಂದಣಿಗೆ ಪುರಾವೆ ಮಾತ್ರ, ವೀಸಾಕ್ಕೆ ನಡೆಯುವುದಿಲ್ಲ. ಶೆಟ್ಟಿ–ರೈ ಬೇರೆ ಬೇರೆ ಇದ್ದರೆ ತೊಂದರೆಯಿಲ್ಲ. ತೊಂದರೆ ಬರುವುದು ಒಬ್ಬರದೇ ಹೆಸರು ಒಂದೊಂದು ಕಡೆ ಒಂದೊಂದು ಥರ ಇದ್ದಾಗ: ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು, ಮಗುವಿನ ಜನನ ಪ್ರಮಾಣಪತ್ರದಲ್ಲಿ ಇನ್ನೊಂದು. ಆಸ್ಪತ್ರೆಯಿಂದ ನೋಂದಣಿಯಾದ ಎಷ್ಟೋ ಜನನ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರೇ ಇರುವುದಿಲ್ಲ, ಪಾಲಿಕೆಯಲ್ಲಿ ಸೇರಿಸಿಕೊಂಡೇ ಮುಂದೆ ಹೋಗಿ. ಮಗುವಿನ ಪಾಸ್‌ಪೋರ್ಟಿಗೆ ಅಪ್ಪ-ಅಮ್ಮ ಇಬ್ಬರೂ ಸಹಿ ಮಾಡಿದ ಅನುಬಂಧ ಡಿ (ಘೋಷಣಾ ಪತ್ರ) ಬೇಕು. ನಾಲ್ಕು ವರ್ಷದೊಳಗಿನ ಮಗುವಾದರೆ ಬಿಳಿ ಹಿನ್ನೆಲೆಯ ಫೋಟೋ ನೀವೇ ಒಯ್ಯಬೇಕು.

ದೃಢೀಕರಣ ಮೊದಲು ರಾಜ್ಯ ಸರಕಾರದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ. ಕೊರಿಯಾದಂಥ ಹೇಗ್ ಒಪ್ಪಂದದ ದೇಶಕ್ಕೆ ಅಲ್ಲಿಗೇ ಅಪೊಸ್ಟಿಲ್ (ಆ ಒಪ್ಪಂದದ ದೇಶಗಳು ಒಪ್ಪುವ ದೃಢೀಕರಣ) ಆಗಿ ಮುಗಿಯುತ್ತದೆ. ಎಮಿರೇಟ್ಸ್‌ಗೆ ಅವರ ರಾಯಭಾರ ಕಚೇರಿ, ಅಲ್ಲಿಗೆ ಮುಟ್ಟಿದ ಮೇಲೆ ಅವರ ವಿದೇಶಾಂಗ ಸಚಿವಾಲಯ, ಹೀಗೆ ಇನ್ನೂ ಎರಡು ಮೆಟ್ಟಿಲು. ಮೂಲ ಪತ್ರದ ಮೇಲೇ ಮುದ್ರೆ, ಸ್ಟಿಕ್ಕರ್ ಬೀಳುವುದರಿಂದ ಲ್ಯಾಮಿನೇಟ್ ಮಾಡಿದ ಪದವಿ ಪತ್ರ ಕೆಲಸಕ್ಕೆ ಬಾರದು. ಪ್ಲಾಸ್ಟಿಕ್ ಸುಲಿಯಲು ಹೋದರೆ ಶಾಯಿಯೂ ಅದರೊಟ್ಟಿಗೆ ಎದ್ದು ಬರುತ್ತದೆ. ಸುಲಿಯಬೇಡಿ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಎರಡನೇ ಪ್ರತಿಗೆ (ಡೂಪ್ಲಿಕೇಟ್) ಅರ್ಜಿ ಹಾಕಿ.

ಪ್ರಶ್ನೆ: ಮಗುವಿಗೆ ಸರಕಾರಿ ಆಸ್ಪತ್ರೆಯಲ್ಲಿ ಎಲ್ಲ ಲಸಿಕೆ ಆಗಿದೆ. ಮತ್ತೆ ಏನಾದರೂ ಬೇಕೇ?
— ಓದುಗರು, ಕಾಪು

ಉತ್ತರ: ಬೇಕಾಗಬಹುದು. ಸರಕಾರಿ ಲಸಿಕೆ ಎಂ.ಆರ್., ಅಂದರೆ ದಡಾರ ಮತ್ತು ರುಬೆಲ್ಲಾಕ್ಕೆ. ಹೊರದೇಶದ ಶಾಲೆಗಳು ಸಾಮಾನ್ಯವಾಗಿ ಕೇಳುವುದು ಮಂಪ್ಸ್ ಕೂಡ ಸೇರಿದ ಎಂ.ಎಂ.ಆರ್. ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಲಸಿಕೆಯೂ ಸರಕಾರಿ ಪಟ್ಟಿಯಲ್ಲಿಲ್ಲ. ಎರಡೂ ಖಾಸಗಿಯಾಗಿ ಸಿಗುತ್ತವೆ. ತಾಯಿ ಕಾರ್ಡ್ ನೋಡಿ ಮಕ್ಕಳ ವೈದ್ಯರು ದಿನಾಂಕ ಸಮೇತ ಇಂಗ್ಲಿಷಿನಲ್ಲಿ ಒಂದು ಪಟ್ಟಿ ಬರೆದು ಸಹಿ, ಮೊಹರು ಹಾಕಿಕೊಡಲಿ.

ಪ್ರಶ್ನೆ: ಏಜೆಂಟರೊಬ್ಬರು ಇಬ್ಬರಿಗೂ ಶಾಲೆಯಲ್ಲಿ ಕೆಲಸ ಕೊಡಿಸುತ್ತೇನೆ, ಒಬ್ಬೊಬ್ಬರಿಗೆ ಒಂದೂವರೆ ಲಕ್ಷ ಕೊಡಿ, ಸದ್ಯ ವಿಸಿಟ್ ವೀಸಾದಲ್ಲಿ ಹೋಗಿ ಎನ್ನುತ್ತಿದ್ದಾರೆ.
— ಓದುಗರು, ಕುಂದಾಪುರ

ಉತ್ತರ: ಕೊಡಬೇಡಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಅವರ ಹೆಸರು, ನೋಂದಣಿ ಸಂಖ್ಯೆ ಕೇಂದ್ರ ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯೇ ನೋಡಿ. ನೇಮಕಾತಿಯ ಖರ್ಚನ್ನು ನೌಕರರಿಂದ ವಸೂಲಿ ಮಾಡುವುದು ಎಮಿರೇಟ್ಸ್‌ನ ಕಾನೂನಿನಲ್ಲೂ ನಿಷಿದ್ಧ. ವಿಸಿಟ್ ವೀಸಾದಲ್ಲಿ ಸಂದರ್ಶನಕ್ಕೆ ಹೋಗಬಹುದು, ಪಾಠ ಮಾಡುವಂತಿಲ್ಲ. ಸಿಕ್ಕಿಬಿದ್ದರೆ ದಂಡ ನಿಮಗೂ ಬೀಳುತ್ತದೆ. ಶಾಲೆಯ ಹೆಸರು ಕೇಳಿ, ಅದರ ಅಧಿಕೃತ ಇಮೇಲಿಗೆ ನೀವೇ ಬರೆದು ಹುದ್ದೆ ನಿಜವೇ ಎಂದು ವಿಚಾರಿಸಿ. ಹೆಸರು ಹೇಳಲು ಏಜೆಂಟರು ಹಿಂದೆಮುಂದೆ ನೋಡಿದರೆ ಮಾತುಕತೆ ಅಲ್ಲಿಗೇ ಬಿಡಿ.