ಗಡಿನಾಡಿನ ಕಡಲಕರೆ: ಮೀನಿನ ನಿಯಮ ಮಾಡುವಾಗ ಯಾರನ್ನೆಲ್ಲ ಕರೆಯಬೇಕು?

ಮೀನು ಹಿಡಿಯುವುದಕ್ಕೆ ಕಾನೂನು ಇರುವಾಗ ಮೀನುಗಾರರ ಜೊತೆ ಸಭೆ ಯಾಕೆ ಎಂದು ಕೆಲವರು ಕೇಳುತ್ತಾರೆ. ಕಾಸರಗೋಡಿನ ಕರಾವಳಿಯಲ್ಲಿ ಎರಡು ರಾಜ್ಯದ ಕಾನೂನು ಮುಖಾಮುಖಿ ಆಗುತ್ತವೆ. ಮಳೆಗಾಲದ ನಿಷೇಧವನ್ನೇ ನೋಡಿ: ಗಡಿಯ ಊರು ತಲಪಾಡಿಯ ಆಚೆ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಈಚೆ ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ, ಅದೂ ಕಡಲಲ್ಲಿ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟುಗಳಿಗೆ. ಜೂನ್ ಮೊದಲ ವಾರ ಮಂಗಳೂರಿನ ಬೋಟು ದಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆಯಲ್ಲಿ) ಕಟ್ಟಿರುತ್ತದೆ, ಇಲ್ಲಿಯದು ಕಡಲಲ್ಲಿರುತ್ತದೆ. "ನಾವು ಬಿಟ್ಟದ್ದನ್ನು ಅವರು ಹಿಡಿಯುತ್ತಾರೆ" ಎಂಬ ಮಂಗಳೂರಿನವರ ಸಿಟ್ಟು ಬರೀ ದಂಡಕ್ಕೆ ಇಳಿಯುವುದಿಲ್ಲ.

ಎರಡನೆಯದು ಮರಿಮೀನು. ಕೇರಳ 2015ರಲ್ಲಿ 14 ಜಾತಿಗೆ, ಆಮೇಲೆ ಒಟ್ಟು 58 ಜಾತಿಗೆ ಕನಿಷ್ಠ ಅಳತೆ ಗೊತ್ತುಮಾಡಿತು. ಬೂತಾಯಿಗೆ (ಸಾರ್ಡಿನ್ ಮೀನು) 10 ಸೆಂ.ಮೀ., ಬಂಗುಡೆಗೆ 14. ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಅಳೆಯಬೇಕು. ಬೂತಾಯಿ ಮೊಟ್ಟೆಗೆ ಬರುವುದು ಸುಮಾರು 15 ಸೆಂ.ಮೀ. ಆದ ಮೇಲೆ, ಹಾಗಾಗಿ 10 ಅನ್ನುವುದು ತೀರಾ ಕೆಳಗಿನ ಗೆರೆ, ಅದಕ್ಕೂ ಕೆಳಗೆ ಹೋಗುವುದು ಅನ್ಯಾಯ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಕಡಲು ಬಿಸಿಯಾದದ್ದೂ ಕಾರಣವೇ. ಆದರೆ ಮೀನು ಕಡಿಮೆ ಇರುವ ವರ್ಷ ಮರಿಗಳನ್ನೂ ಬಾಚಿದರೆ ಮತ್ತೆ ಚೇತರಿಸಿಕೊಳ್ಳುವುದು ಹೇಗೆ?

ದಕ್ಕೆಯಲ್ಲಿ ಅಳೆದು ದಂಡ ಹಾಕುವಾಗ ಆ ಮರಿಗಳೆಲ್ಲ ಸತ್ತಾಗಿರುತ್ತದೆ. ಮೀನಿನ ಗುಂಪನ್ನು ಸುತ್ತಿ ಹಿಡಿಯುವ ಬಲೆ ಪೂರ್ತಿ ಬಿಗಿದರೆ ಬೂತಾಯಿ ಒತ್ತಿಕೊಂಡು, ಹುರುಪೆ ಉದುರಿ ಸಾಯುತ್ತದೆ. ಆಮೇಲೆ ನೀರಿಗೆ ಬಿಟ್ಟರೂ ಬದುಕುವುದಿಲ್ಲ. ಬಲೆ ಸಡಿಲ ಇರುವಾಗಲೇ ನಾಲ್ಕು ಮೀನು ಎತ್ತಿ ನೋಡಿ, ಸಣ್ಣದಿದ್ದರೆ ತೇಲುಬೆಂಡಿನ ಹಗ್ಗ ಮುಳುಗಿಸಿ ದಾರಿ ಬಿಡಬೇಕು. ಈ ಕೆಲಸ ಬಲೆ ಎಳೆಯುವವರ ಕೈಯಲ್ಲೇ ಇದೆ. ಅವರ ಕೂಲಿ ಹಿಡಿದ ಮೀನಿನ ಪಾಲು. ಬಿಟ್ಟರೆ ಆ ದಿನದ ಅನ್ನ ಹೋಯಿತು. ಅವರನ್ನು ಕೇಳದೆ ಬರೀ ಬೋಟು ಮಾಲೀಕರ ಸಂಘ ಕರೆದು ಮಾಡಿದ ನಿಯಮ ಕಡಲಲ್ಲಿ ನಡೆಯುವುದಿಲ್ಲ.

ಮರೆತುಹೋಗುವ ಇನ್ನೊಬ್ಬ ಮುಂಗಡ ಕೊಟ್ಟ ದಲ್ಲಾಳಿ. ಸಾಲ ಇರುವ ದೋಣಿ ಸಿಕ್ಕಿದ್ದನ್ನು ತರಲೇಬೇಕು. ಮರಿಮೀನಿಗೆ ಮೀನುಪುಡಿ ಕಾರ್ಖಾನೆಯ ಬೇಡಿಕೆಯೂ ಇದೆ. ಕೊಳ್ಳುವವರು "ಹತ್ತಕ್ಕಿಂತ ಸಣ್ಣದು ಬೇಡ" ಎಂದು ಒಪ್ಪಿದ ಮೇಲೆ ಹಿಡಿಯುವವರ ಹತ್ತಿರ ಮಾತಾಡುವುದು ಸುಲಭ. ಬುಟ್ಟಿಯಲ್ಲಿ ಮಾರುವ ಹೆಂಗಸರಿಗೆ ಯಾವ ವಾರ ಯಾವ ಅಳತೆಯ ಮೀನು ಬಂತು ಎಂದು ಚೆನ್ನಾಗಿ ಗೊತ್ತು, ಅವರನ್ನು ಕರೆಯುವುದೇ ಅಪರೂಪ.

ಕಾಸರಗೋಡಿನಲ್ಲಿ ಭಗವತಿ ಕ್ಷೇತ್ರಗಳ ಸುತ್ತ ಬೆಳೆದ 'ಕಡಕ್ಕೋಡಿ' ಎಂಬ ಕಡಲ ನ್ಯಾಯಕೂಟ ಇದೆ. ಬಲೆಯ ತಕರಾರು, ಹಿಡಿಯುವ ಸರದಿಯ ಜಗಳ ಅಲ್ಲಿ ತೀರುತ್ತವೆ. ಹಿರಿಯರ ಮಾತಿಗೆ ಬೆಲೆ ಇರುವುದರಿಂದ ಪೊಲೀಸರು ಬೇಕಾಗುವುದಿಲ್ಲ. ಆದರೆ ಅದರ ಮಾತು ಆ ಸಮುದಾಯಕ್ಕೆ ಮಾತ್ರ. ಹೊರಗಿನ ಟ್ರಾಲ್ ಬೋಟಿಗೆ ತಾಗುವುದಿಲ್ಲ. ಕೇರಳದ ಕಡಲ ಮೀನುಗಾರಿಕೆ ಕಾನೂನಿನ ತಿದ್ದುಪಡಿಯಲ್ಲಿ ಗ್ರಾಮ, ಜಿಲ್ಲೆ, ರಾಜ್ಯ ಮಟ್ಟದ ಮೀನುಗಾರಿಕಾ ನಿರ್ವಹಣಾ ಸಮಿತಿಗಳು ಬಂದಿವೆ. ಮಂಜೇಶ್ವರದಂಥ ಕಡೆ ಜಿಲ್ಲಾ ಸಮಿತಿಗೆ ಉಳ್ಳಾಲ, ಮಂಗಳೂರಿನವರನ್ನೂ ಕರೆದು, ಕನ್ನಡದಲ್ಲೂ ನಡಾವಳಿ ಬರೆದರೆ ಒಳ್ಳೆಯದು. ಸಭೆಯನ್ನು ಜುಲೈಯಲ್ಲಿ ಇಡಿ. ಆಗ ಎರಡೂ ಕಡೆಯ ಟ್ರಾಲ್ ಬೋಟುಗಳು ದಡದಲ್ಲಿರುತ್ತವೆ, ಬಲೆ ರಿಪೇರಿಯೂ ನಡೆದಿರುತ್ತದೆ; ಬಲೆಯ ಕಣ್ಣಿನ ಅಳತೆ ಬದಲಿಸುವುದಿದ್ದರೆ ಅದೇ ಹೊತ್ತು.