ಕಪ್ಪು ಕಾರಿನ ಮೇಲಿನ ಸುರುಳಿ ಗೆರೆಗಳು

ಪ್ರಶ್ನೆ: ಬಿಸಿಲಿನಲ್ಲಿ ನನ್ನ ಕಪ್ಪು ಕಾರಿನ ಬಾನೆಟ್ ಮೇಲೆ ಜೇಡರ ಬಲೆಯಂತಹ ಸೂಕ್ಷ್ಮ ಗೆರೆಗಳು ಕಾಣುತ್ತವೆ. ವ್ಯಾಕ್ಸ್ ಹಚ್ಚಿದರೆ ಮರೆಯಾಗಿ, ಕೆಲವು ಸಲ ತೊಳೆದ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತವೆ. ಪರಿಹಾರವೇನು?

ಉತ್ತರ: ವ್ಯಾಕ್ಸ್ ಗೆರೆಗಳನ್ನು ತುಂಬಿ ಮರೆಮಾಡುತ್ತದೆಯೇ ಹೊರತು ತೆಗೆಯುವುದಿಲ್ಲ. ಈ ಗೆರೆಗಳಿರುವುದು ಕಪ್ಪು ಬಣ್ಣದಲ್ಲಲ್ಲ, ಅದರ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್‌ನಲ್ಲಿ; ಗೆರೆಯ ಅಂಚುಗಳು ಬೆಳಕನ್ನು ಚದುರಿಸುವುದರಿಂದ ಕಪ್ಪು ಹಿನ್ನೆಲೆಯಲ್ಲಿ ಅವು ಎದ್ದು ಕಾಣುತ್ತವೆ. ಪಾಲಿಶ್ ಮಾಡುವುದೆಂದರೆ ಆ ಪದರವನ್ನೇ ಅತಿ ತೆಳುವಾಗಿ ಸವೆಸಿ ಸಮಗೊಳಿಸುವುದು. ಪದರದ ದಪ್ಪ ಸಾಮಾನ್ಯವಾಗಿ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್)‌ನ ಆಸುಪಾಸಿನಲ್ಲಷ್ಟೇ ಇರುವುದರಿಂದ ಇದನ್ನು ಪದೇ ಪದೇ ಮಾಡುವಂತಿಲ್ಲ.

ಕಾರನ್ನು ಚೆನ್ನಾಗಿ ತೊಳೆದು, ಅಂಟಿಕೊಂಡ ಕಣಗಳನ್ನು ಲೂಬ್ರಿಕೆಂಟ್ ಸಿಂಪಡಿಸಿಕೊಂಡು, ಜೇಡಿಮಣ್ಣಿನಂತೆ ಮೆತ್ತಗಿರುವ ಕ್ಲೇ ಬಾರ್‌ನಿಂದ ತೆಗೆಯಿರಿ. ಬಳಿಕ ನೆರಳಿನಲ್ಲಿ, ಮೇಲ್ಮೈ ತಣ್ಣಗಿರುವಾಗ, ತಿರುಗುತ್ತಲೇ ಅತ್ತಿತ್ತ ಅಲುಗುವ ಯಂತ್ರವಾದ ಡ್ಯುಯಲ್ ಆ್ಯಕ್ಷನ್ ಪಾಲಿಶರ್‌ಗೆ ಮೃದುವಾದ ಫೋಮ್ ಪ್ಯಾಡ್ ಹಾಕಿ, ಅತಿ ನಯವಾದ ಪಾಲಿಶ್‌ನಿಂದ ಸುಮಾರು ಒಂದೂವರೆ ಅಡಿ ಚೌಕದಲ್ಲಿ ಮಾತ್ರ ಪರೀಕ್ಷಿಸಿ. ಅದು ಸಾಲದಿದ್ದರಷ್ಟೇ ಹೆಚ್ಚು ಸವೆಸುವ ಒರಟು ಪಾಲಿಶ್ ಆದ ಕಾಂಪೌಂಡ್‌ಗೆ ಹೋಗಿ. ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರಿನಿಂದ ಒರೆಸಿದರೆ ಪಾಲಿಶ್‌ನ ಎಣ್ಣೆ ಹೋಗಿ ನಿಜವಾದ ಫಲ ತಿಳಿಯುತ್ತದೆ. ಅಂಚುಗಳಲ್ಲಿ ಪದರ ಬೇಗ ಸವೆಯುವುದರಿಂದ ಅಲ್ಲಿ ಒತ್ತಬೇಡಿ. ಉಗುರಿಗೆ ತಾಕುವಷ್ಟು ಆಳವಾದ ಗೀರನ್ನು ಪೂರ್ತಿ ಅಳಿಸಲು ಹೋಗದಿರುವುದೇ ಲೇಸು. ಕೊನೆಗೆ ವ್ಯಾಕ್ಸ್ ಅಥವಾ ಸೀಲೆಂಟ್ (ಕೃತಕ ರಕ್ಷಣಾ ಲೇಪ) ಹಚ್ಚಿರಿ.

ಆದರೆ ಈ ಗೆರೆಗಳಲ್ಲಿ ಹೆಚ್ಚಿನವು ಹುಟ್ಟುವುದೇ ತೊಳೆಯುವಾಗ ಮತ್ತು ಒರೆಸುವಾಗ. ಒಣ ಧೂಳನ್ನು ಬಟ್ಟೆಯಿಂದ ಎಂದಿಗೂ ಒರೆಸಬೇಡಿ. ಶಾಂಪೂಗೊಂದು, ತೊಳೆಯುವ ಕೈಗವಸನ್ನು ಜಾಲಿಸಲೊಂದು ಬಕೆಟ್ ಇಟ್ಟುಕೊಂಡು, ಶುಭ್ರವಾದ ಮೈಕ್ರೊಫೈಬರ್ ಬಟ್ಟೆಯನ್ನೇ ಬಳಸಿ.